ಹೊರಗಿನ ಬೆಂಚಿನ ಹುಡುಗ

ಆ ಕಾಲೇಜಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಸಂಬಳ ಬರೆಯುವ ಗುಮಾಸ್ತರೊಬ್ಬರೇ. ಉಳಿದವರ ಬಾಯಲ್ಲಿ ಅವರು ಫ್ರೆಂಡ್ ಸರ್. ಈ ಹೆಸರು ಕೇಳಿ ಮನುಷ್ಯನಿಗೆ ಊರ ತುಂಬ ಸ್ನೇಹಿತರಿರಬೇಕು ಎಂದು ಯಾರಾದರೂ ಅಂದುಕೊಂಡರೆ ಮೋಸ ಹೋದರೆಂದೇ ಲೆಕ್ಕ. ಐವತ್ತು ದಾಟಿದ ಅವರಿಗೆ ಸ್ನೇಹಿತ ಎಂದು ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಆ ಹೆಸರು ಬಂದ ದಾರಿಯೇ ಬೇರೆ.

ಮೊದಲು ಅವರು ತರ್ಕಶಾಸ್ತ್ರ ಕಲಿಸುತ್ತಿದ್ದರು. ಆ ವಿಷಯಕ್ಕೆ ಸೇರುವವರು ವರ್ಷ ವರ್ಷ ಕಡಿಮೆಯಾಗುತ್ತ ಬಂದು, ಕೊನೆಗೊಂದು ವರ್ಷ ತರಗತಿಯಲ್ಲಿ ಅವರು ಮತ್ತು ಫ್ಯಾನು ಮಾತ್ರ ಉಳಿದರು. ಕೆಲಸದಿಂದ ತೆಗೆಯುವಂತಿಲ್ಲ, ಕೊಡಲು ಕೆಲಸವಿಲ್ಲ. ಪ್ರಿನ್ಸಿಪಾಲರು ತಲೆ ಕೆರೆದುಕೊಂಡು ಕೊನೆಗೆ ಒಂದು ದಾರಿ ಕಂಡುಹಿಡಿದರು.

“ನೋಡಿ ಸರ್, ಈಗಿನ ಹುಡುಗರು ಮನಸ್ಸಿಗೆ ಏನೇನೋ ಹಚ್ಕೊಂಡು ಕೂತ್ಕೊಳ್ತಾರಂತೆ. ಅವರ ಜೊತೆ ಮಾತಾಡೋಕೆ ಒಬ್ಬರನ್ನ ಇಡಬೇಕು ಅಂತ ಮೇಲಿಂದ ಕಾಗದ ಬಂದಿದೆ. ನಿಮಗೂ ಹೊತ್ತು ಹೋಗಲ್ಲ.”

ಹೀಗೆ, ಹೊತ್ತು ಹೋಗದ ಕಾರಣಕ್ಕೆ, ಅವರು ಹುಡುಗರ ಮನಸ್ಸಿನ ಉಸ್ತುವಾರಿಗೆ ಬಿದ್ದರು. ತರಬೇತಿಗೆ ಹೋದರು, ಶ್ರದ್ಧೆಯಿಂದ ಕಲಿತರು. ವಾಪಸು ಬಂದಾಗ ಕಾಲೇಜು ಅವರಿಗೆ ಕೊಟ್ಟದ್ದು ಆಟದ ಸಾಮಾನು ತುಂಬಿಡುತ್ತಿದ್ದ ಕೋಣೆ. ಅರ್ಧ ಕೋಣೆಯಲ್ಲಿ ಬಲೆ, ಬ್ಯಾಟು, ಹರಿದ ಗ್ಲೌಸು. ಇನ್ನರ್ಧದಲ್ಲಿ ಒಂದು ಮೇಜು, ಎರಡು ಕುರ್ಚಿ, ಇವರು. ಬಾಗಿಲು ಇದ್ದದ್ದು ಉದ್ದನೆಯ ವರಾಂಡಕ್ಕೆ ಎದುರಾಗಿ. ಯಾರು ಒಳಗೆ ಹೋದರು, ಯಾರು ಕಣ್ಣು ಒರೆಸಿಕೊಂಡು ಹೊರಗೆ ಬಂದರು ಎಂಬುದು ಇಡೀ ಕಾಲೇಜಿಗೆ ಕಾಣುವ ಜಾಗ. ಮೊದಲ ಕೆಲವು ತಿಂಗಳು ಒಂದು ನೊಣವೂ ಒಳಗೆ ಬರಲಿಲ್ಲ.

ಅವರನ್ನು ಉಳಿಸಿದ್ದು ಗಾಳಿ ತುಂಬುವ ಪಂಪು. ಅದು ಆ ಕೋಣೆಯಲ್ಲೇ ಇತ್ತು. ವಾಲಿಬಾಲಿಗೆ ಗಾಳಿ ತುಂಬಿಸಿಕೊಳ್ಳಲು ಬಂದ ಹುಡುಗನೊಬ್ಬ ಗಾಳಿ ತುಂಬಿದ ಮೇಲೂ ಹೋಗದೆ ನಿಂತ. ಗೋಡೆ ನೋಡಿದ, ನೆಲ ನೋಡಿದ, ಆಮೇಲೆ ಕೆಮ್ಮಿ ಹೇಳಿದ: “ಸರ್, ನನ್ನ ಫ್ರೆಂಡೊಬ್ಬನಿಗೆ ಒಂದು ಪ್ರಾಬ್ಲಮ್ಮು.” ಅಲ್ಲಿಂದ ಶುರುವಾಯಿತು. ಗಾಳಿ ತುಂಬಿಸುವ ನೆಪದಲ್ಲಿ ಒಬ್ಬೊಬ್ಬರಾಗಿ ಬರತೊಡಗಿದರು. ಬಾಗಿಲ ಹೊರಗೆ ನಿಂತು, ಗಟ್ಟಿಯಾಗಿದ್ದ ಚೆಂಡಿನ ಗಾಳಿಯನ್ನು ಬುಸ್ಸೆಂದು ತಾವೇ ಬಿಟ್ಟು, ಮೆತ್ತಗಾದ ಚೆಂಡು ಹಿಡಿದು ಒಳಗೆ ಬರುತ್ತಿದ್ದದ್ದನ್ನು ಅವರು ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದರು. ಕಂಡರೂ ಕಾಣದಂತಿದ್ದರು. ಆ ವರ್ಷ ಆ ಕಾಲೇಜಿನ ಚೆಂಡುಗಳಿಗೆ ಬಿದ್ದಷ್ಟು ಗಾಳಿ ಬೇರೆಲ್ಲೂ ಬಿದ್ದಿರಲಾರದು.

ಬಂದವರೆಲ್ಲ ಫ್ರೆಂಡಿನ ಪರವಾಗಿಯೇ ಬರುತ್ತಿದ್ದರು. ಫ್ರೆಂಡಿಗೆ ನಿದ್ದೆ ಬರಲ್ಲ. ಫ್ರೆಂಡಿಗೆ ಮನೆ ನೆನಪಾಗಿ ಊಟ ಸೇರಲ್ಲ. ಫ್ರೆಂಡಿಗೆ ಪರೀಕ್ಷೆ ಅಂದರೆ ಎದೆ ಹೊಡೆದುಕೊಳ್ಳುತ್ತೆ. “ನಿನ್ನ ಫ್ರೆಂಡಿಗೆ ಸ್ವಲ್ಪ ನೀರು ಕುಡಿಯೋಕೆ ಹೇಳಪ್ಪ,” ಎಂದು ಇವರು ಲೋಟ ಮುಂದಿಟ್ಟರೆ, ಹುಡುಗ ಗಟಗಟ ಕುಡಿದು ಲೋಟ ಕೆಳಗಿಡುತ್ತಿದ್ದ. ಹೀಗಾಗಿ ಅವರು ಫ್ರೆಂಡ್ ಸರ್ ಆದರು.

ತರ್ಕ ಕಲಿಸಿದ ಮನುಷ್ಯ. ಇಷ್ಟು ಕಂಡ ಮೇಲೆ ಒಂದು ಸೂತ್ರ ಕಟ್ಟದೆ ಇರುತ್ತಾರೆಯೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಹಾಗೆಯೇ, ಫ್ರೆಂಡ್ ಎಂದು ಯಾರು ಬಾಯಿ ಬಿಟ್ಟರೂ ರೋಗಿ ಅವನೇ. ಹುಡುಗರು ಅತ್ತರೆ ಅವಮಾನ, ಭಯವೆಂದರೆ ಇನ್ನೂ ದೊಡ್ಡ ಅವಮಾನ. ತಮ್ಮ ಕಷ್ಟವನ್ನು ಇನ್ನೊಬ್ಬನ ಅಂಗಿ ತೊಡಿಸದೆ ಬೀದಿಗೆ ತರಲಾರರು. ಆ ಅಂಗಿ ಕಳಚುವ ಅಗತ್ಯವಿಲ್ಲ, ಅದರ ಮೇಲೇ ಮುಲಾಮು ಹಚ್ಚಿದರೆ ಮೈಗೆ ತಾಗುತ್ತದೆ ಎಂಬುದು ಅವರು ಕಂಡುಕೊಂಡ ದಾರಿ. ಅದು ಎಷ್ಟೋ ಹುಡುಗರ ಮಟ್ಟಿಗೆ ಸರಿಯೂ ಆಗಿತ್ತು. ಸರಿಯಾಗುತ್ತ ಹೋದದ್ದೇ ತೊಂದರೆಯಾಯಿತು. ಸೂತ್ರ ಕೈಗೆ ಸಿಕ್ಕ ಮೇಲೆ ಕಿವಿ ಅರ್ಧ ಮುಚ್ಚಿಕೊಳ್ಳುತ್ತದೆ.

ಮನೆಯಲ್ಲಿ ಅವರು ಒಬ್ಬರೇ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮಣ್ಣಿಗೆ ಬಂದ ಹಳೆಯ ಗೆಳೆಯರೆಲ್ಲ ಕೈ ಹಿಡಿದು, “ಏನಾದ್ರೂ ಬೇಕಾದ್ರೆ ಹೇಳಪ್ಪ, ಸಂಕೋಚ ಪಡಬೇಡ,” ಎಂದಿದ್ದರು. ಇವರು ಹೇಳಲಿಲ್ಲ, ಅವರು ಕೇಳಲಿಲ್ಲ. ಒಬ್ಬರಿಗೊಬ್ಬರ ಮೇಲೆ ಕೋಪವೇನೂ ಇಲ್ಲ. ಬೆಳಗಾದರೆ ಹೂವಿನ ಚಿತ್ರವೊಂದು ಫೋನಿಗೆ ಬರುತ್ತದೆ, ಇವರೂ ಇನ್ನೊಂದು ಹೂವು ಕಳಿಸುತ್ತಾರೆ, ಅಲ್ಲಿಗೆ ಸ್ನೇಹದ ಆ ದಿನದ ಬಾಬತ್ತು ಮುಗಿಯಿತು. ಬಾಗಿಲಿಗೆ ಬೀಗ ಹಾಕುವಾಗ ಖಾಲಿ ಮನೆಗೆ “ಬರ್ತೀನಿ” ಎನ್ನುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಹುಡುಗರಿಗೆ ಮಾತ್ರ ದಿನವೂ ಹೇಳುತ್ತಿದ್ದರು, ಒಳಗೇ ಇಟ್ಟುಕೊಳ್ಳಬೇಡಿ, ಗೆಳೆಯರ ಹತ್ತಿರ ಬಾಯಿ ಬಿಡಿ ಎಂದು. ಊರಿಗೆ ಉಪದೇಶ ಹೇಳುವುದು ಯಾವತ್ತೂ ಸುಲಭ.

ಆ ವರ್ಷ ಕಾಲೇಜಿಗೆ ಫೋನಿನ ಜೂಜು ಹೊಕ್ಕಿತು. ಕ್ರಿಕೆಟ್ಟಿನಲ್ಲಿ ಮುಂದಿನ ಚೆಂಡು ನಾಲ್ಕೋ, ಔಟೋ, ಏನೂ ಇಲ್ಲವೋ. ಬೆರಳು ಒತ್ತಿ ಕಟ್ಟುವುದು, ಉಸಿರು ಬಿಡುವುದರೊಳಗೆ ಗೆಲ್ಲುವುದು ಅಥವಾ ಸೋಲುವುದು. ಗೆದ್ದದ್ದರ ಚಿತ್ರ ಇಡೀ ಗುಂಪಿಗೆ ಹೋಗುತ್ತಿತ್ತು, ಸೋತದ್ದು ಹೊಟ್ಟೆಯೊಳಗೆ. ಹಾಗಾಗಿ ಪ್ರತಿಯೊಬ್ಬನಿಗೂ ಲೋಕವೆಲ್ಲ ಗೆಲ್ಲುತ್ತಿದೆ, ದರಿದ್ರ ನಾನೊಬ್ಬನೇ ಎನ್ನಿಸುತ್ತಿತ್ತು. ಫ್ರೆಂಡ್ ಸರ್ ವರಾಂಡದಲ್ಲಿ ಎಚ್ಚರಿಕೆಯ ಚಿತ್ರಗಳನ್ನು ಅಂಟಿಸಿದರು. ಹುಡುಗರು ಆ ಚಿತ್ರಗಳಿಗೆ ಮೀಸೆ ಬರೆದರು.

ಆಗ ಬಂದವನು ಏಣಿ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಉದ್ದ ಇದ್ದದ್ದಕ್ಕೆ ಹುಡುಗರು ಇಟ್ಟ ಹೆಸರು. ಅವನು ಚೆಂಡನ್ನೂ ತರಲಿಲ್ಲ, ನೇರವಾಗಿ ಕುರ್ಚಿಯಲ್ಲಿ ಕೂತ.

“ಸರ್, ನನ್ನ ಫ್ರೆಂಡು ಬೆಟ್ಟಿಂಗ್ ಆಡ್ತಾನೆ. ಬಿಡೋಕೆ ಆಗ್ತಿಲ್ಲ ಅವನಿಗೆ. ಊಟ ಮಾಡೋವಾಗ್ಲೂ ಆಡ್ತಾನೆ. ಏನ್ ಮಾಡ್ಬೇಕು?”

“ನಿನ್ನ ಫ್ರೆಂಡಿಗೆ ಹೇಳು,” ಎಂದರು ಫ್ರೆಂಡ್ ಸರ್, ದನಿಯಲ್ಲಿ ಎಷ್ಟು ಮೆದು ತರಬಹುದೋ ಅಷ್ಟು ತಂದು, “ಇದು ಅವನ ಕೆಟ್ಟತನ ಅಲ್ಲ. ಬಲೆ ಹೆಣೆದವರು ಜಾಣರಿದ್ದಾರೆ, ಅಷ್ಟೆ.”

ಏಣಿ ತಲೆಯಾಡಿಸಿ, ತುಟಿಯಲ್ಲೇ ಆ ಮಾತನ್ನು ಇನ್ನೊಮ್ಮೆ ಹೇಳಿಕೊಂಡ. ಪಾಪ, ಎದೆಗೆ ಇಳಿಸಿಕೊಳ್ಳುತ್ತಿದ್ದಾನೆ ಎಂದುಕೊಂಡರು ಇವರು.

ವಾರಕ್ಕೊಮ್ಮೆ ಬರತೊಡಗಿದ. ಒಬ್ಬನೇ ಬರುತ್ತಿರಲಿಲ್ಲ, ಜೊತೆಗೆ ಇನ್ನೊಬ್ಬ ಹುಡುಗ ಬಂದು ಹೊರಗಿನ ಬೆಂಚಿನ ಮೇಲೆ ಏಣಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದ. ಅವನು ಇಡೀ ಕಾಲೇಜಿಗೆ ಪರಿಚಿತ. ಹೆಸರು ಹಾಜರಿ. ತರಗತಿಗೆ ಬಾರದವರ ಪರವಾಗಿ, ಒಬ್ಬೊಬ್ಬರ ದನಿಯಲ್ಲಿ ಒಂದೊಂದು ಸಲ “ಪ್ರೆಸೆಂಟ್ ಸರ್” ಎನ್ನುವ ಕಲಾವಿದ. ಯಾರಿಗೆ ಜ್ವರ ಬಂದರೂ ಮಾತ್ರೆ ತಂದುಕೊಡುವವನು, ಯಾರ ಟ್ರಂಕು ಬಂದರೂ ಹೊರುವವನು, ಎಲ್ಲಿ ನಿಂತರೂ ಸುತ್ತ ನಾಲ್ಕು ಜನರನ್ನು ನಗಿಸುವವನು. ಇಂಥ ಹುಡುಗನಿಗೆ ಚಿಂತೆ ಎಂಬುದು ಇರಬಹುದು ಎಂದು ಯಾರ ತಲೆಗೂ ಹೊಳೆದಿರಲಿಲ್ಲ.

ಒಂದು ದಿನ ಫ್ರೆಂಡ್ ಸರ್ ಕಿಟಕಿಯ ಕಡೆ ಬೆರಳು ತೋರಿಸಿ ಏಣಿಗೆ ಹೇಳಿದರು: “ಅಲ್ಲಿ ನೋಡು. ನಿನಗೋಸ್ಕರ ಕಾಯ್ತಾ ಕೂತಿದ್ದಾನೆ. ಅಂಥ ಗೆಳೆಯ ಇರೋವಾಗ ಮನುಷ್ಯ ಯಾವ ಹಳ್ಳದಿಂದಾದ್ರೂ ಮೇಲೆ ಬರಬಹುದು.”

ಏಣಿ ಗೊಂದಲದಿಂದ ನೋಡಿದ. “ಅವನನ್ನ ಒಳಗೆ ಕರ್ಕೊಂಡು ಬರ್ಲಾ ಸರ್?”

ಇವರು ನಕ್ಕರು. “ಬರಬೇಕಾದವನು ಬಂದೇ ಇದ್ದಾನಲ್ಲ.”

ಅವತ್ತು ಏಣಿಯನ್ನು ಕಳಿಸಲು ಬಾಗಿಲವರೆಗೂ ಹೋದರು. ಬೆಂಚಿನ ಹುಡುಗ ದಡಬಡಿಸಿ ಎದ್ದು ನಿಂತ. ಮುಖ ಒಣಗಿತ್ತು, ಕಣ್ಣು ಕೆಂಪಗಿತ್ತು. ಬಿಸಿಲಿರಬೇಕು ಎಂದುಕೊಂಡ ಫ್ರೆಂಡ್ ಸರ್ ಅವನ ಭುಜ ತಟ್ಟಿ, “ನಿನ್ನಂಥ ಸ್ನೇಹಿತ ಸಿಗೋಕೆ ಪುಣ್ಯ ಮಾಡಿರಬೇಕಪ್ಪ. ಹೀಗೇ ಇವನನ್ನ ನೋಡ್ಕೋ,” ಎಂದರು. ಹುಡುಗ ಏನೋ ಹೇಳಲು ಬಾಯಿ ತೆರೆದ. ಆಮೇಲೆ ಹಲ್ಲು ಬಿಟ್ಟು ನಕ್ಕು, “ಆಯ್ತು ಸರ್,” ಎಂದ. ಒಳ್ಳೆಯ ಕೆಲಸವೊಂದು ಕೈಗೂಡುತ್ತಿದೆ ಎಂಬ ಸಮಾಧಾನದಲ್ಲಿ ಅವರು ಮನೆಗೆ ಹೋದರು.

ಪರೀಕ್ಷೆಗಳು ಶುರುವಾಗುವ ಹಿಂದಿನ ದಿನ ಮಧ್ಯಾಹ್ನ ಏಣಿ ಓಡಿಬಂದ. ತಲೆ ತಗ್ಗಿಸುವುದು ಮರೆತು ಬಾಗಿಲ ಚೌಕಟ್ಟಿಗೆ ಹಣೆ ಬಡಿಯಿತು. ಅದರ ಪರಿವೆ ಅವನಿಗಿರಲಿಲ್ಲ.

“ಸರ್, ಅವನು ಹೋಗ್ಬಿಟ್ಟ.”

“ಯಾರು?”

“ನನ್ನ ಫ್ರೆಂಡು ಸರ್. ಪರೀಕ್ಷೆ ಫೀಸಿಗೆ ಅಂತ ಅಪ್ಪ ಕಳಿಸಿದ್ದನ್ನೂ ಅದರಲ್ಲೇ ಕಳೆದಿದ್ದಾನೆ. ಹಾಲ್ ಟಿಕೆಟ್ ಬಂದಿಲ್ಲ. ಬೆಳಗ್ಗಿನಿಂದ ಕಾಣ್ತಿಲ್ಲ, ಫೋನ್ ಆಫ್ ಆಗಿದೆ.”

ಫ್ರೆಂಡ್ ಸರ್ ಕುರ್ಚಿ ತೋರಿಸಿದರು. ಇವತ್ತು ಇವನ ಅಂಗಿ ಕಳಚಲೇಬೇಕು ಎಂದು ನಿಶ್ಚಯಿಸಿ, ಮೆಲ್ಲಗೆ ಹೇಳಿದರು: “ಕೂತ್ಕೊಳ್ಳಪ್ಪ. ಇನ್ನು ಈ ಫ್ರೆಂಡ್ ಅನ್ನೋ ಮಾತು ಬಿಟ್ಟುಬಿಡೋಣ. ಆಡ್ತಾ ಇರೋದು ನೀನೇ ಅಂತ ನನಗೆ ಮೊದಲ ದಿನದಿಂದ ಗೊತ್ತು.”

ಏಣಿ ಅವರನ್ನೇ ನೋಡುತ್ತ ನಿಂತ. 

“ನಾನಾ? ನಾನು ಯಾಕ್ ಸರ್ ಆಡ್ತೀನಿ? ಇವನು ಸರ್, ಹಾಜರಿ. ಹೊರಗೆ ಬೆಂಚಿನ ಮೇಲೆ ಕೂತಿರ್ತಿದ್ದನಲ್ಲ. ಅವನಿಗೋಸ್ಕರ ತಾನೇ ನಾನು ಬರ್ತಾ ಇದ್ದದ್ದು. ಮೊದಲು ನೀನು ಹೋಗಿ ಹೇಳು, ಸರ್ ಕರೆದ್ರೆ ನಾನೂ ಬರ್ತೀನಿ ಅಂದಿದ್ದ. ಪ್ರತಿ ಸಲ ಕಾಯ್ತಾ ಕೂತಿರ್ತಿದ್ದ. ನೀವು ಕರೀಲೇ ಇಲ್ಲ.”

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಗೆ ಜನ ನಗುತ್ತಾರೆ. ಫ್ರೆಂಡ್ ಸರ್ ಕಿಟಕಿಯಾಚೆಯ ಖಾಲಿ ಬೆಂಚನ್ನು ನೋಡಿದರು. ಇಷ್ಟು ದಿನ ಗೋಡೆಯ ಈಚೆ ಆರೋಗ್ಯವಂತನನ್ನು ಕೂರಿಸಿಕೊಂಡು ಮುಲಾಮು ಹಚ್ಚಿದ್ದರು. ಗಾಯವಾದವನು ಗೋಡೆಯ ಆಚೆ, ಬಾಗಿಲು ತೆರೆಯುವುದನ್ನು ನೋಡುತ್ತ, ಪರರ ಚೀಲ ಹೊತ್ತು ಕೂತಿದ್ದ. ಸಾಲದ್ದಕ್ಕೆ ಅವನನ್ನೇ ಕರೆದು, ಇವನನ್ನು ನೋಡಿಕೋ ಎಂದು ಜವಾಬ್ದಾರಿ ಹೊರಿಸಿದ್ದರು.

ಇಬ್ಬರೂ ಹುಡುಕಲು ಹೊರಟರು. ಹಾಸ್ಟೆಲಿನ ಕೋಣೆ, ತಾರಸಿ, ಮೈದಾನದ ಹಿಂದಿನ ಗೋಡೆ, ಬಸ್ ಸ್ಟ್ಯಾಂಡು. ಕೊನೆಗೆ ನದಿಯ ಸೇತುವೆಗೂ ಬಂದರು. ಏಣಿ ಕಂಬಿಯ ಮೇಲೆ ಬಾಗಿ ಕೆಳಗೆ ನೋಡಿದ, ಫ್ರೆಂಡ್ ಸರ್ ಅವನ ಅಂಗಿಯ ತುದಿ ಹಿಡಿದುಕೊಂಡು ನಿಂತರು. ಅವರಿಗೆ ನೋಡುವ ಧೈರ್ಯ ಇರಲಿಲ್ಲ. ನೀರು ಸುಮ್ಮನೆ ಹರಿಯುತ್ತಿತ್ತು. ಸಂಜೆಯ ಹೊತ್ತಿಗೆ ಏಣಿಯ ಫೋನು ರಿಂಗಾಯಿತು. ಹಾಜರಿಯ ಅಕ್ಕ. ತಮ್ಮ ನಮ್ಮನೆಗೆ ಬಂದಿದ್ದಾನೆ, ಯಾಕೆ ಬಂದೆ ಎಂದರೆ ಬಾಯಿ ಬಿಡುತ್ತಿಲ್ಲ, ಏನಾಯಿತಪ್ಪ ಅಲ್ಲಿ ಎಂದು ಕೇಳುತ್ತಿದ್ದಳು. ಏಣಿ ಅಲ್ಲೇ ರಸ್ತೆಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ. ಅವನ ಬೆನ್ನ ಮೇಲೆ ಕೈ ಇಡಬೇಕೆಂದು ಫ್ರೆಂಡ್ ಸರ್‌ಗೆ ಅನ್ನಿಸಿತು. ಇಡುವುದೋ ಬೇಡವೋ ಎನ್ನುವಷ್ಟರಲ್ಲಿ ಅವನು ಎದ್ದುಬಿಟ್ಟ.

ಮರುದಿನ ಏಣಿಗೆ ಪರೀಕ್ಷೆ. ಫ್ರೆಂಡ್ ಸರ್ ಒಬ್ಬರೇ ಆ ಅಕ್ಕನ ಊರಿನ ಬಸ್ಸು ಹತ್ತಿದರು.

ಹಾಜರಿಯ ಭಾವನದು ಮರದ ಸಾಮಾನಿಗೆ ಪಾಲಿಶ್ ಹಾಕುವ ಅಂಗಡಿ. ವಾರ್ನಿಶಿನ ವಾಸನೆ ಬೀದಿಯ ತಿರುವಿಗೇ ಮೂಗಿಗೆ ಬಡಿಯುತ್ತಿತ್ತು. ಹುಡುಗ ಅಂಗಡಿಯ ಹಿಂದೆ, ಕಾಲು ಮೇಲಾಗಿ ಮಲಗಿಸಿದ್ದ ಮೇಜೊಂದರ ಮುಂದೆ ಕೂತು ಸ್ಯಾಂಡ್ ಪೇಪರಿನಲ್ಲಿ ಉಜ್ಜುತ್ತಿದ್ದ. “ನಿಮ್ಮ ಮೇಷ್ಟ್ರು ಬಂದಿದ್ದಾರೆ ನೋಡೋ,” ಎಂದ ಭಾವ, ತಾನು ಇಲ್ಲಿ ಹೆಚ್ಚಾದವನು ಎಂದು ಅರಿತವನಂತೆ ಒಳಗೆ ಹೋದ.

ಹುಡುಗ ತಲೆ ಎತ್ತಲಿಲ್ಲ. ಫ್ರೆಂಡ್ ಸರ್ ಎದುರಿಗೆ ಕೂರಲಿಲ್ಲ. ಅಷ್ಟು ಮಟ್ಟಿಗೆ ಅವರಿಗೆ ಹುಡುಗರು ಗೊತ್ತಿದ್ದರು. ಪಕ್ಕದಲ್ಲಿ ಕೂತು, ಅಲ್ಲಿ ಬಿದ್ದಿದ್ದ ಇನ್ನೊಂದು ತುಂಡು ಕಾಗದ ಎತ್ತಿಕೊಂಡು, ಮೇಜಿನ ಮತ್ತೊಂದು ಕಾಲನ್ನು ಉಜ್ಜತೊಡಗಿದರು.

“ಅಡ್ಡಡ್ಡ ಉಜ್ಜಬಾರದು ಸರ್,” ಎಂದ ಹುಡುಗ. “ಗೆರೆ ಬೀಳುತ್ತೆ.”

ಅವರು ಉದ್ದಕ್ಕೆ ಉಜ್ಜಿದರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: “ನಾನು ತಪ್ಪು ತಿಳ್ಕೊಂಡೆ ಕಣಪ್ಪ. ನೀನಲ್ಲ, ಅವನು ಅಂದ್ಕೊಂಡಿದ್ದೆ.”

“ಗೊತ್ತು ಸರ್.”

“ಯಾವಾಗ ಗೊತ್ತಾಯ್ತು?”

“ಭುಜ ತಟ್ಟಿದ್ರಲ್ಲ, ಅವತ್ತೇ.”

“ಅವತ್ತೇ ಹೇಳಬಹುದಿತ್ತಲ್ಲ.”

ಹುಡುಗನ ಕೈ ನಿಂತಿತು. “ಹೇಗ್ ಹೇಳ್ಲಿ ಸರ್. ಅವತ್ತು ಬೆಳಗ್ಗೆನೇ ಅಪ್ಪ ಕಳಿಸಿದ್ದೆಲ್ಲ ಹೋಗಿತ್ತು. ನನ್ನಂಥವನು ಭೂಮಿಗೆ ಭಾರ ಅನ್ಸಿತ್ತು. ನೀವು ನೋಡಿದ್ರೆ, ನಿನ್ನಂಥ ಸ್ನೇಹಿತ ಸಿಗೋಕೆ ಪುಣ್ಯ ಮಾಡಿರಬೇಕು ಅಂದ್ರಿ. ಒಬ್ಬರಾದ್ರೂ ಹಾಗೆ ಅಂದ್ಕೊಂಡಿದ್ದಾರಲ್ಲ ಅನ್ನಿಸ್ತು. ಎಲ್ಲ ಕಳ್ಕೊಂಡಿದ್ದೆ, ಅದೊಂದನ್ನ ಕಳ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ.”

 ಜೀವಮಾನದಲ್ಲಿ ಫ್ರೆಂಡ್ ಸರ್ ಆಡಿದ ಒಳ್ಳೆಯ ಮಾತುಗಳಲ್ಲಿ ಅದೂ ಒಂದು. ಅದೇ ಮಾತು ಹುಡುಗನ ಬಾಯಿಗೆ ಬೀಗ ಹಾಕಿತ್ತು. ಬೈದಿದ್ದರೂ ಇಷ್ಟು ಕೇಡಾಗುತ್ತಿರಲಿಲ್ಲವೇನೋ.

“ನಾನು ಅಂದದ್ದು ಸುಳ್ಳಲ್ಲ,” ಎಂದರು. “ಏಣಿ ನಿನ್ನೆ ನಿನ್ನನ್ನ ಹುಡುಕಿದ್ದನ್ನ ನೋಡಿದ್ದೀನಿ. ಕೆಟ್ಟವನಿಗೋಸ್ಕರ ಯಾರೂ ಹಾಗೆ ಹುಡುಕಲ್ಲ.”

ಹುಡುಗ ಕಣ್ಣು ಒರೆಸಿಕೊಂಡದ್ದಕ್ಕೆ ಕೆನ್ನೆಯ ಮೇಲೆ ಮರದ ಪುಡಿ ಮೆತ್ತಿಕೊಂಡಿತು.

“ಈಗಲೂ ಆಡ್ತಿದ್ದೀಯಾ?”

“ಇಲ್ಲ ಸರ್. ಬಿಟ್ಬಿಟ್ಟೆ,” ಎಂದ, ಕೇಳಿ ಮುಗಿಯುವುದರೊಳಗೆ.

ಇಲ್ಲಿಯ ಆಸ್ಪತ್ರೆಯಲ್ಲಿ ಇದಕ್ಕೆಂದೇ ವೈದ್ಯರಿದ್ದಾರೆ, ಜೊತೆಗೆ ನಾನೂ ಬರುತ್ತೇನೆ, ಅಪ್ಪನ ಹತ್ತಿರ ಮಾತಾಡುವಾಗಲೂ ಪಕ್ಕದಲ್ಲಿರುತ್ತೇನೆ ಎಂದು ಅವರು ಹೇಳಿದರು. ಎಲ್ಲದಕ್ಕೂ ಹುಡುಗ “ಆಯ್ತು ಸರ್” ಎಂದ. ಹಾಗೆಂದರೆ ಏನೂ ಆಗಿಲ್ಲ ಎಂದು ಅವರಿಗೆ ಈಗ ತಿಳಿದಿತ್ತು. ಮತ್ತೆ ಮೇಜಿನ ಕಾಲು ಉಜ್ಜತೊಡಗಿದರು.

“ಸರ್,” ಎಂದ ಹುಡುಗ ಇದ್ದಕ್ಕಿದ್ದಂತೆ, “ನಿಮಗೆ ಫ್ರೆಂಡ್ಸ್ ಯಾರು?”

ತರಬೇತಿಯಲ್ಲಿ ಇಂಥ ಪ್ರಶ್ನೆಗೆ ಉತ್ತರ ಕಲಿಸಿದ್ದರು: ಮಾತನ್ನು ಮೆಲ್ಲಗೆ ಹುಡುಗನ ಕಡೆಗೇ ತಿರುಗಿಸಬೇಕು. ಅವರು ತಿರುಗಿಸಲು ಹೊರಟವರು, ಆಗದೆ ಬಿಟ್ಟರು.

“ಯಾರೂ ಇಲ್ಲಪ್ಪ.”

“ಒಬ್ಬರೂ ಇಲ್ವಾ?”

“ಇದ್ದರು. ಹೆಂಡತಿ ಹೋದ ಮೇಲೆ ನಾನೇ ಯಾರ ಹತ್ರನೂ ಮಾತಾಡಲಿಲ್ಲ. ಹೇಗಿದ್ದೀಯ ಅಂದ್ರೆ ಚೆನ್ನಾಗಿದ್ದೀನಿ ಅಂದೆ. ಅವರೂ ನಂಬಿದ್ರು. ಭಾನುವಾರ ಬಂದರೆ ಸೋಮವಾರ ಆಗೋವರೆಗೂ ನನ್ನ ದನಿ ನನಗೇ ಕೇಳಿಸಲ್ಲ.”

ಹೇಳಿದ ಮೇಲೆ ಅವರಿಗೇ ಗಾಬರಿಯಾಯಿತು. ಈ ಮಾತನ್ನು ಅವರು ಯಾವ ಮನುಷ್ಯನ ಮುಂದೆಯೂ ಆಡಿರಲಿಲ್ಲ. ಆಡುವುದಕ್ಕೆ ಇಂಥ ಜಾಗ ಸಿಗಬೇಕೇ. ಹುಡುಗ ಮೊದಲ ಸಲ ತಲೆ ಎತ್ತಿ ಅವರ ಮುಖ ನೋಡಿದ. ಒಳಗೆ ಹೋಗಿ ಎರಡು ಲೋಟ ಚಹಾ ತಂದ. ಇಬ್ಬರೂ ಮೇಜಿನ ಕಾಲುಗಳನ್ನು ನೋಡುತ್ತ ಕುಡಿದರು.

ಹೊರಟಾಗ ಹುಡುಗ ಬಸ್ ಸ್ಟ್ಯಾಂಡಿನವರೆಗೂ ಬಂದ. ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟ, ತನ್ನ ಫೋನ್ ನಂಬರು ಕೊಟ್ಟು ಅವರದ್ದನ್ನೂ ಬರೆಸಿಕೊಂಡ. ಬಸ್ಸು ಅಲುಗಿದಾಗ ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ನಡೆದು, “ಮುಟ್ಟಿದ ಮೇಲೆ ಒಂದು ಫೋನ್ ಮಾಡಿ ಸರ್,” ಎಂದ.

ಹಾಗೆ ಹೇಳಿ ಕಳಿಸುವವರು ಅವರಿಗೆ ಯಾರೂ ಉಳಿದಿರಲಿಲ್ಲ. ದಾರಿಯುದ್ದಕ್ಕೂ ಅವರು ಆ ಮಾತನ್ನೇ ಎಡಗೈಯಿಂದ ಬಲಗೈಗೆ ಬದಲಿಸುತ್ತ ಕೂತರು. ಸಂತೋಷವಾಗಬೇಕಿತ್ತು. ಆದದ್ದು ಅಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮುಖ ಆಚೆ ತಿರುಗಿಸಿಕೊಂಡಳು. ಏಣಿ ಪರೀಕ್ಷೆ ಹೇಗೆ ಬರೆದನೋ, ಹಾಜರಿಯ ವರ್ಷ ಹಾಳಾಯಿತಲ್ಲ, ಅವನ ಅಪ್ಪನಿಗೆ ಹೇಗೆ ಹೇಳುವುದು ಎಂದು ಯೋಚನೆಗಳು ಬಂದವು, ಹೋದವು. ಬಿಟ್ಟುಬಿಟ್ಟೆ ಎಂದವನ ದನಿ ಮಾತ್ರ ಕಿವಿಯಲ್ಲೇ ಉಳಿಯಿತು. ಇಷ್ಟು ದೂರ ಹೋಗಿಯೂ ಅವನ ಬಾಯಿಂದ ನಿಜವನ್ನು ಹೊರಡಿಸಲಾಗಲಿಲ್ಲ ಎಂದು ಅವರಿಗೆ ಖಚಿತವಾಗಿತ್ತು.

ಮನೆ ತಲುಪಿದಾಗ ಬೀದಿ ದೀಪ ಆಗತಾನೆ ಹೊತ್ತಿಕೊಂಡಿತ್ತು. ಜೇಬಿನಲ್ಲಿ ಬೀಗದ ಕೈ ಹುಡುಕುತ್ತಿದ್ದರು. ಅವರು ಫೋನು ಮಾಡುವ ಮೊದಲೇ ಅದು ರಿಂಗಾಯಿತು.

“ಮುಟ್ಟಿದ್ರಾ ಸರ್?”

“ಮುಟ್ಟಿದೆ ಕಣಪ್ಪ. ಈಗ ತಾನೇ.”

 ಫೋನು ಇಟ್ಟನೇನೋ ಎಂದು ಕಿವಿಯಿಂದ ತೆಗೆದು ನೋಡಿದರು. ಇಟ್ಟಿರಲಿಲ್ಲ.

“ಸರ್... ಬಿಟ್ಬಿಟ್ಟೆ ಅಂದದ್ದು ಸುಳ್ಳು. ನಿಮ್ಮನ್ನ ಬಸ್ಸು ಹತ್ತಿಸಿ ವಾಪಸ್ ಬರೋವಾಗ ಮತ್ತೆ ಆಡ್ದೆ. ಅಂಗಡಿ ಮುಟ್ಟೋ ಅಷ್ಟರಲ್ಲಿ ಅಕ್ಕ ಕೊಟ್ಟಿದ್ದ ದುಡ್ಡೂ ಹೋಯ್ತು.”

ನೂರು ಬುದ್ಧಿಮಾತು ನಾಲಿಗೆಯ ತುದಿಗೆ ಬಂದವು. ಅಷ್ಟನ್ನೂ ನುಂಗಿಕೊಂಡರು. ಹುಡುಗ ಅಳುತ್ತಿದ್ದ. ಅವರು ಬಾಗಿಲು ತೆಗೆಯದೆ ಮೆಟ್ಟಿಲ ಮೇಲೆ ಕೂತು, ಫೋನನ್ನು ಇನ್ನಷ್ಟು ಕಿವಿಗೆ ಒತ್ತಿಕೊಂಡರು.

“ಹೇಳು,” ಎಂದರು. “ನನಗೇನೂ ಅವಸರ ಇಲ್ಲ. ಹೇಳು.”